ಕಾಶಿಯ ಕಣ್ಣಿಗೆ ಬೇಕಾಗಿದ್ದ ಪೊರೆ

ಕಣ್ಣಿಗೆ ಸುಣ್ಣ ಬಿದ್ದರೆ ನೀರು ಹಾಕಿರಿ. ಒಂದು ಚೊಂಬು ಅಲ್ಲ, ಕೊಡಗಟ್ಟಲೆ ಹಾಕಿರಿ. ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿದು, ಅವರು ಎಷ್ಟು ಒದ್ದಾಡಿದರೂ ಬಿಡದೆ, ನಿಮ್ಮ ಕೈ ಸೋಲುವವರೆಗೆ ಹಾಕಿರಿ. ಎಣ್ಣೆ ಬೇಡ, ತುಪ್ಪ ಬೇಡ, ಎದೆಹಾಲು ಬೇಡ. ಆಮೇಲೆ ಡಾಕ್ಟರರ ಹತ್ತಿರ ಓಡಿರಿ.

ಇಷ್ಟೇ ಬೇಕಾದವರು ಇಲ್ಲಿಗೆ ನಿಲ್ಲಿಸಬಹುದು. ಮುಂದಿರುವುದು ನನ್ನ ತಂಗಿ ಕಾಶಿಯ ಕಣ್ಣಿನ ಸಂಗತಿ ಮತ್ತು ನಾನು ಮಾಡಿದ ಎರಡು ತಪ್ಪು. ಮೊದಲನೆಯದು ಊರಿಗೆಲ್ಲ ಗೊತ್ತು, ಅದಕ್ಕೆ ಯಾರೂ ನನ್ನನ್ನು ಬೈಯಲಿಲ್ಲ. ಎರಡನೆಯದು ಬಹಳ ದಿನ ಮೂವರಿಗೆ ಮಾತ್ರ ಗೊತ್ತಿತ್ತು. ನಾನು ಎರಡು ವರ್ಷ ಮಠದ ಅಯ್ಯನವರ ಹತ್ತಿರ ಅಕ್ಷರ ಕಲಿತವಳು. ಬರೆಯುವಾಗ ತಪ್ಪಾಗಬಹುದು. ಆದರೆ ಈ ಸಂಗತಿಯನ್ನು ಬೇರೆಯವರ ಕೈಯಿಂದ ಬರೆಸುವುದಕ್ಕೆ ಬರುವುದಿಲ್ಲ.

ನಮ್ಮದು ಸುಣಗಾರರ ಮನೆ. ಕಲ್ಯಾಣದಿಂದ ಮಂಠಾಳಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ಅಪ್ಪನ ಭಟ್ಟಿ ಇತ್ತು. ಕಲ್ಲು ಸುಡುವುದು, ಸುಟ್ಟ ಕಲ್ಲನ್ನು ಗುಂಡಿಗೆ ಹಾಕಿ ನೀರು ಬಿಟ್ಟು ಅರಳಿಸುವುದು, ಅರಳಿದ ಸುಣ್ಣವನ್ನು ಮಾರುವುದು, ಇದೇ ನಮ್ಮ ಹೊಟ್ಟೆಪಾಡು. ನಿಜಾಮನ ರಾಜ್ಯ ಹೋದ ಮರುವರ್ಷದ ಬೇಸಿಗೆ ಅದು. ರಾಜ್ಯ ಹೋಗುವಾಗಿನ ಗದ್ದಲದಲ್ಲಿ ಸುಟ್ಟುಹೋಗಿದ್ದ ಮನೆಗಳನ್ನು ಉಳಿದ ಜನ ಮತ್ತೆ ಎತ್ತಿ ಕಟ್ಟುತ್ತಿದ್ದರು. ಅಪ್ಪನ ಭಟ್ಟಿಗೆ ಬಿಡುವೇ ಇರಲಿಲ್ಲ. ಅವ್ವ ಮತ್ತು ಕಾಶಿ ಇಬ್ಬರೂ ಬುಟ್ಟಿ ಹೊರುತ್ತಿದ್ದರು. ಕಾಶಿಗೆ ಹದಿನಾರು. ಮೋರಖಂಡಿಯ ಒಂದು ಮನೆಯವರು ಬಂದು ನೋಡಿ, ಎಲೆ ಅಡಿಕೆ ಹಿಡಿದು, ಮಾತು ಕೊಟ್ಟು ಹೋಗಿದ್ದರು. ನನಗೆ ತುಂಬಿದ ಬಸುರಿ. ನನ್ನನ್ನು ಕೊಟ್ಟದ್ದು ಹುಮನಾಬಾದಿಗೆ. ಬಾಣಂತನಕ್ಕೆ ತವರಿಗೆ ಬಂದಿದ್ದೆ.

ಸುಣಗಾರರ ಮಕ್ಕಳಿಗೆ ನಡೆಯುವುದು ಕಲಿಯುವ ಮೊದಲೇ ಒಂದು ಮಾತು ಕಲಿಸುತ್ತಾರೆ. ಸುಟ್ಟ ಸುಣ್ಣ ಮೈಮೇಲೆ ಬಿದ್ದರೆ ನೀರು ತಾಕಿಸಬಾರದು. ಮೊದಲು ಒಣ ಬಟ್ಟೆಯಿಂದ ಒರೆಸಬೇಕು, ಆಮೇಲೆ ಕುಸುಬಿ ಎಣ್ಣೆ ಹಚ್ಚಬೇಕು. ಗುಂಡಿಗೆ ನೀರು ಬಿಟ್ಟಾಗ ಆ ಕಲ್ಲು ಹೇಗೆ ಬುಸುಗುಟ್ಟುತ್ತದೆ, ಹೇಗೆ ಸಿಡಿದು ಕುದಿಯುತ್ತದೆ ಎಂದು ದಿನಾ ನೋಡುವವರು ನಾವು. ಕೈಗೆ ಕಾಲಿಗೆ ಆ ಮಾತು ಸರಿಯಾಗಿಯೇ ಇತ್ತು. ಕಣ್ಣಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಅಂದು ಮುಂಜಾನೆ ನಾನು ಬುತ್ತಿ ತೆಗೆದುಕೊಂಡು ಭಟ್ಟಿಗೆ ಹೋಗಿದ್ದೆ. ಕಾಶಿ ಸುಟ್ಟ ಕಲ್ಲಿನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ನನ್ನನ್ನು ಕಂಡು ನಕ್ಕಳು.

"ಅಕ್ಕಾ, ನಿನ್ನಕಿಂತ ನಿನ್ನ ಹೊಟ್ಟಿ ಮೊದಲ ಬಂತು ನೋಡು," ಅಂದಳು.

ಅಷ್ಟರಲ್ಲಿ ಬುಟ್ಟಿಯ ತಳ ಕಿತ್ತು ಹೋಯಿತು. ಕಲ್ಲು ಭುಜದ ಮೇಲೆ ಉರುಳಿ ಬಿತ್ತು, ಪುಡಿ ಮುಖದ ಮೇಲೆ ಸುರಿಯಿತು. ನಗುತ್ತಿದ್ದವಳ ಕಣ್ಣು ತೆರೆದೇ ಇತ್ತು.

ಅವಳು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವ್ವ ಗುಂಡಿಯ ಹತ್ತಿರ ಇದ್ದ ಕೊಡ ಎತ್ತಿಕೊಂಡು ಓಡಿಬಂದಳು. ಓದು ಬರಹ ಬಾರದ ಅವ್ವನಿಗೆ ಆ ಹೊತ್ತಿಗೆ ಸರಿಯಾದದ್ದೇ ಹೊಳೆದಿತ್ತು. ನಾನು ಅಡ್ಡ ನಿಂತೆ.

"ನೀರ ಹಾಕಬ್ಯಾಡ ಅವ್ವಾ! ಕುದೀತದ! ಕಣ್ಣಾಗೇ ಕುದೀತದ!"

ಅವ್ವ ಕೊಡ ಹಿಡಿದುಕೊಂಡೇ ನಿಂತಳು. ನಾನು ಸೆರಗಿನಿಂದ ಕಾಶಿಯ ಮುಖ ಒರೆಸಿದೆ. ದೀಪಕ್ಕೆ ಇಟ್ಟಿದ್ದ ಕುಸುಬಿ ಎಣ್ಣೆ ತಂದು ಎರಡೂ ಕಣ್ಣಿಗೆ ಸುರಿದೆ. ಮಧ್ಯಾಹ್ನ ಓಣಿಯ ಬಾಣಂತಿಯೊಬ್ಬಳು ಬಂದು ಎದೆಹಾಲು ಹಿಂಡಿದಳು. ಸಂಜೆಯ ಹೊತ್ತಿಗೆ ಕಾಶಿಯ ಮುಖ ಗಡಿಗೆಯ ಹಾಗೆ ಊದಿಕೊಂಡು, ಕಣ್ಣು ಎಲ್ಲಿದೆ ಎಂದು ಹುಡುಕುವ ಹಾಗಾಯಿತು. ಮರುದಿನ ಅಪ್ಪ ಮೋಟಾರಿಗೆ ಕೈ ಮಾಡಿ ನಿಲ್ಲಿಸಿ ನಮ್ಮನ್ನೆಲ್ಲ ಹುಮನಾಬಾದಿಗೆ ಕರೆದುಕೊಂಡು ಹೋದ. ದಿನ ತುಂಬಿದವಳು ಕುಲುಕಾಟದ ಗಾಡಿಯಲ್ಲಿ ಬರಬೇಡ ಎಂದರು. ನಾನು ಕೇಳಲಿಲ್ಲ. ಕಾಶಿಯ ತಲೆ ನನ್ನ ತೊಡೆಯ ಮೇಲೆ ಇತ್ತು.

ಹುಮನಾಬಾದಿನ ಆ ಚಿಕ್ಕ ದವಾಖಾನೆಗೆ ಸೋಲಾಪುರದ ಕಡೆಯ ಡಾಕ್ಟರಬಾಯಿ ಒಬ್ಬರು ಬಂದು ವರ್ಷವಾಗಿತ್ತು. ಬಿಳಿ ಸೀರೆ, ಗಂಡಸರ ಹಾಗೆ ಕೈಗಡಿಯಾರ. ಕಾಶಿಯ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡಿದವರು ಮೊದಲು ಕೇಳಿದ್ದು, "ಯಾವಾಗ ಬಿತ್ತು?"

"ನಿನ್ನಿ ಮುಂಜಾನ್ರಿ ಬಾಯಿ," ಎಂದ ಅಪ್ಪ.

"ನೀರು ಎಷ್ಟು ಹಾಕಿದ್ರಿ?"

ಅಪ್ಪ ಅವ್ವನ ಕಡೆ ನೋಡಿದ. ಕಡೆಗೆ ನಾನೇ ಹೇಳಿದೆ, "ನೀರ ಹಾಕಿಲ್ರಿ. ಕುದೀತದಂತ ಎಣ್ಣಿ ಹಾಕೀವ್ರಿ."

ಡಾಕ್ಟರಬಾಯಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಅರೆ ದೇವಾ. ಕಣ್ಣಂದ್ರ ನೀರೇ ಅಲ್ಲೇನವ್ವಾ? ಆ ಸುಣ್ಣ ಅವಳ ಕಣ್ಣೀರಾಗೇ ಅರಳ್ಯದ. ನೀ ಹಾಕಿದ ಎಣ್ಣಿ ಅದನ್ನ ಒಳಗೇ ಮುಚ್ಚಿ ಇಟ್ಟದ. ಕೊಡಗಟ್ಟಲೆ ನೀರು ಸುರಿದಿದ್ರ ಕುದಿಯೂದಕ್ಕ ಮೊದಲ ತೊಳಕೊಂಡು ಹೋಗ್ತಿತ್ತು," ಎಂದರು.

ಅರಳಿದೆ. ಹೂವಿಗೂ ಸುಣ್ಣಕ್ಕೂ ನಮ್ಮಲ್ಲಿ ಅದೊಂದೇ ಮಾತು. ಅಂದಿನಿಂದ ನನಗೆ ಆ ಮಾತು ಬಾಯಲ್ಲಿ ಬರುವುದಿಲ್ಲ.

ಅವ್ವ ಅಲ್ಲೇ ಗೋಡೆಗೆ ಒರಗಿ ಕೂತಳು. "ನಾ ಕೊಡ ತಂದಿದ್ದೆ," ಎಂದು ಒಂದೇ ಸಲ ಅಂದಳು. ಆಮೇಲೆ ನನ್ನ ಮುಖ ನೋಡಿ, ಇನ್ನೆಂದೂ ಆ ಮಾತು ಎತ್ತಲಿಲ್ಲ. ಅಪ್ಪ ಹೇಳಿದ, "ಅಕಿ ಏನು ಮಾಡ್ಯಾಳು? ನಾನೇ ಕಲಿಸಿದ್ದು." ಹೀಗೆ ಎಲ್ಲರೂ ನನ್ನ ಮೊದಲನೆಯ ತಪ್ಪನ್ನು ಹಂಚಿಕೊಂಡರು. ಅವರು ಅಷ್ಟು ಒಳ್ಳೆಯವರಾದದ್ದೇ ನನಗೆ ಭಾರವಾಯಿತು.

ತಾಸುಗಟ್ಟಲೆ ತೊಳೆದರು. ಉಳಿದಿದ್ದ ಸುಣ್ಣದ ಚೂರುಗಳನ್ನು ಹತ್ತಿಯಿಂದ ಒಂದೊಂದಾಗಿ ತೆಗೆದರು. ಆಮೇಲೆ ಬಾಯಿ ಹೊರಗೆ ಬಂದು ನಮ್ಮನ್ನು ಕೂರಿಸಿಕೊಂಡು, ಕಣ್ಣಿನ ಮೇಲಿನ ಚರ್ಮವೆಲ್ಲ ಸುಟ್ಟಿದೆ, ಹಾಗೇ ಬಿಟ್ಟರೆ ರೆಪ್ಪೆಯ ಒಳಗಿನ ಗಾಯ ಗುಡ್ಡೆಯ ಗಾಯಕ್ಕೆ ಅಂಟಿಕೊಂಡು ಕೂಡಿಹೋಗುತ್ತದೆ ಎಂದರು. ನಡುವೆ ಏನಾದರೂ ತೆಳ್ಳಗಿನದು ಹಾಸಬೇಕು. ವಿಲಾಯತಿಯಲ್ಲಿ ಇಂಥ ಸುಟ್ಟ ಕಣ್ಣಿಗೆ ಕೂಸಿನ ಮಾಸಿನ ಪೊರೆ ಹಾಸಿ ನೋಡಿದ್ದಾರೆ, ತಾನು ಓದಿದ್ದೇನೆ, ಮಾಡಿಲ್ಲ, ಎಂದೂ ಹೇಳಿದರು. ಮುಚ್ಚಿಡಲಿಲ್ಲ.

ಹೊಟ್ಟೆಯೊಳಗೆ ಕೂಸು ನೀರಿನ ಚೀಲದಲ್ಲಿ ಇರುತ್ತದಲ್ಲ, ಆ ಚೀಲದ ಒಳಗಿನ ಪದರ. ಹೆರಿಗೆಯಾದ ಮೇಲೆ ಮಾಸಿನ ಜೊತೆಗೆ ಬೀಳುತ್ತದೆ.

ಅವ್ವ ಬೆರಗಾದಳು. "ಅಲ್ರಿ ಬಾಯಿ, ಕಣ್ಣಿಗಿ ಪೊರಿ ಬಂತಂದ್ರ ಮಂದಿ ತಗಸ್ಕೊಳ್ಳಾಕ ಬರ್ತಾರ. ನೀವು ಹಾಕಾಕತ್ತೀರೇನು?"

ಡಾಕ್ಟರಬಾಯಿಗೆ ನಗು ಬಂತು. "ಅದು ಬ್ಯಾರೆ ಪೊರೆ. ಇದು ಕೂಸನ್ನ ಒಂಬತ್ತು ತಿಂಗಳು ಪೊರೆದಿದ್ದು."

ಆ ದಿನ ದವಾಖಾನೆಯ ಒಳಗಿನ ಕೋಣೆಯಲ್ಲಿ ಕೂಲಿಯವಳೊಬ್ಬಳು ಹಡೆದಿದ್ದಳು. ಎರಡು ದಿನ ನೋವು ತಿಂದು, ಸಾಯುವ ಹಾಗಾದಾಗ ಗಾಡಿಯಲ್ಲಿ ಹಾಕಿಕೊಂಡು ತಂದಿದ್ದರು. ಬಾಯಿ ಹೋಗಿ ಕೇಳಿದಾಗ ಅವಳು ಕಣ್ಣು ತೆರೆಯದೇ, "ಒಯ್ರಿ, ನನಗ್ಯಾಕ ಅದು," ಎಂದಳಂತೆ. ಅವಳ ಹೆಸರನ್ನೂ ನಾವು ಕೇಳಲಿಲ್ಲ.

ಎರಡೂ ಕಣ್ಣಿಗೆ ಪೊರೆ ಹಾಸಿ, ಪಟ್ಟಿ ಕಟ್ಟಿದರು. ಐದು ದಿನ ಬಿಚ್ಚುವಂತಿಲ್ಲ.

ಆ ಐದು ದಿನ ನಾವು ದವಾಖಾನೆಯ ಪಡಸಾಲೆಯಲ್ಲೇ ಇದ್ದೆವು. ನನ್ನ ಗಂಡನ ಮನೆ ಅಲ್ಲೇ ಎರಡು ಓಣಿ ಆಚೆ. ಅತ್ತೆ ದಿನಾ ರೊಟ್ಟಿ ಕಳಿಸುತ್ತಿದ್ದರು. ಬೇವಿನ ಗಿಡದ ಕೆಳಗೆ ರೋಗಿಗಳು, ಅವರ ಜೊತೆಗೆ ಬಂದವರು, ಅವರ ಬುತ್ತಿಗಂಟು. ಕೊಡಂಬಲದ ಒಬ್ಬ ಮುದುಕ ಇದ್ದ. ಅವನ ಕಾಲಿಗೆ ಹುಣ್ಣು. ಕಾಶಿ ಬಾಯಿ ಮುಚ್ಚಿ ಕೂತಿದ್ದು ಅವನಿಗೆ ಸೇರಲಿಲ್ಲ.

"ಏ ತಂಗಿ, ಪುಣ್ಯವಂತಿ ಇದ್ದಿ ನೀ. ಇಲ್ಲಿರೂ ಮಂದಿ ಎಲ್ಲಾ ಮುಂಜಾನೆದ್ದು ನನ್ನ ಮಾರಿ ನೋಡಬೇಕು. ನಿನಗೊಬ್ಬಾಕಿಗೇ ಮಾಫ್ ಆಗ್ಯದ," ಎಂದ.

ಕಾಶಿ ಐದು ದಿನದಲ್ಲಿ ಮೊದಲ ಸಲ ನಕ್ಕಳು. "ಹಂಗಿದ್ರ ಪಟ್ಟಿ ಬಿಚ್ಚಿದ ಮ್ಯಾಲ ಮೊದಲ ನಿಮ್ಮನ್ನೇ ನೋಡ್ತೀನ್ರಿ ಅಜ್ಜಾ. ನೋಡೇ ಬಿಡೂಣು."

"ಬ್ಯಾಡವಾ, ಮತ್ತ ಕಟಗೊಂಡೀ ಪಟ್ಟಿ!"

ನಾನು ಅವಳಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದೆ. ತುಟಿಯ ಹತ್ತಿರ ತುತ್ತು ಹೋದಾಗ ಅವಳು ನನ್ನ ಕೈಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ಬೀಳುತ್ತದೆಂದಲ್ಲ. ನಾನೇ ಹೌದೋ ಅಲ್ಲವೋ ಎಂದು ಬಳೆ ಮುಟ್ಟಿ ನೋಡುವುದಕ್ಕೆ.

ಐದನೆಯ ದಿನ ಪಟ್ಟಿ ಬಿಚ್ಚಿದರು. ಪೊರೆ ಕರಗಿಹೋಗಿತ್ತು. ಎಡಗಣ್ಣಿನಲ್ಲಿ ಕೆಂಪು ಇತ್ತು, ಆದರೆ ಗುಡ್ಡೆ ತಿಳಿಯಾಗಿತ್ತು. ಬಾಯಿ ಬೆರಳು ತೋರಿಸಿದರು. ಕಾಶಿ ಎಣಿಸಿದಳು. ಅವ್ವ ಅಳಲಿಕ್ಕೆ ಹತ್ತಿದಳು. ಅಪ್ಪ ಹೊರಗೆ ಹೋಗಿ ಬೇವಿನ ಗಿಡಕ್ಕೆ ಮುಖ ಮಾಡಿ ನಿಂತ.

ಬಲಗಣ್ಣು ಇನ್ನೂ ಹಸಿ ಗಾಯವಾಗಿಯೇ ಇತ್ತು. ಅಲ್ಲಿ ಸುಣ್ಣ ಹೆಚ್ಚು ಬಿದ್ದಿತ್ತು. ಆದರೂ ಅಂಟಿಕೊಂಡಿರಲಿಲ್ಲ.

"ಇನ್ನೊಂದು ಸಲ ಹಾಸಿದ್ರ ಇದೂ ಬರ್ತದ. ಮೂರು ನಾಲ್ಕು ದಿನದಾಗ ಹಾಸಬೇಕು. ತಾಜಾನೇ ಬೇಕು, ಈ ಬಿಸಲಿಗೆ ಒಂದು ದಿನ ಇಟ್ರ ಕೆಡ್ತದ, ಇಡಾಕ ಇಲ್ಲಿ ಮಷೀನಿಲ್ಲ," ಎಂದು ಬಾಯಿ ಹೇಳಿದರು. ಆಮೇಲೆ ತಲೆಗೆ ಕೈ ಹಚ್ಚಿಕೊಂಡು, "ಇಲ್ಲಿ ಹಡ್ಯಾಕ ಯಾರು ಬರ್ತಾರ? ಎಲ್ಲಾರೂ ಮನ್ಯಾಗೇ ಹಡೀತಾರ, ಹಡದದ್ದು ಹೂಳ್ತಾರ," ಎಂದರು.

ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ಬಂತು.

"ಶರಣಮ್ಮ, ನಿನ್ನದು ಯಾವಾಗ?"

"ಇವತ್ತ ನಾಳಿ ಅನ್ನಾಕತ್ತಾರ್ರಿ."

"ಕೊಡ್ತೀಯೇನು?"

ಕಾಶಿ ನನಗಿಂತ ಮೊದಲು ಮಾತಾಡಿದಳು. ಅವಳ ಮುಖದಲ್ಲಿ ಅಂಥ ಬೆಳಕು ನಾನು ಆಮೇಲೆ ಕಾಣಲಿಲ್ಲ. "ಕೊಡ್ತಾಳ್ರಿ ಬಾಯಿ! ಅಕ್ಕಾ, ನಿನ್ನ ಕೂಸು ಹುಟ್ಟಿದ ಕೂಡ್ಲೇ ಚಿಕ್ಕವ್ವಗ ತನ್ನ ಅಂಗಿ ಬಿಚ್ಚಿ ಕೊಡ್ತದ ನೋಡು. ದೊಡ್ಡದಾದ ಮ್ಯಾಲ ಕೇಳಿದ್ರ ಕೊಡತಿದ್ದಿಲ್ಲ."

ನಾನು ಹೂಂ ಅಂದೆ. ಖರೇನೇ ಅಂದೆ. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

ಬಾಯಿ ನಮ್ಮ ಸೂಲಗಿತ್ತಿ ಹಲೀಮಾಬಿಯನ್ನು ಕರೆಸಿದರು. ಆಕೆ ಹುಮನಾಬಾದಿನ ಅರ್ಧ ಊರನ್ನು ಕೈಯಲ್ಲಿ ಹಿಡಿದು ಭೂಮಿಗೆ ಇಳಿಸಿದಾಕೆ. ಗದ್ದಲದ ವರ್ಷ ಗಂಡನನ್ನು ಕಳೆದುಕೊಂಡಿದ್ದಳು. ಸೂಲಗಿತ್ತಿತನ ಬಿಟ್ಟರೆ ದವಾಖಾನೆಯಲ್ಲಿ ಆಗಾಗ ಸಿಗುವ ಕೆಲಸವೇ ಅವಳಿಗೆ ಆಧಾರ. ಬಾಯಿ ಅವಳಿಗೆ ಕುದಿಸಿದ ಉಪ್ಪುನೀರಿನ ಒಂದು ಮುಚ್ಚಳದ ಡಬ್ಬಿ ಕೊಟ್ಟು, ಮಾಸು ಬಿದ್ದ ಕೂಡಲೇ ನೆಲಕ್ಕೆ ತಾಕಿಸದೆ ಅದರಲ್ಲಿ ಹಾಕಿ ತರಬೇಕು ಎಂದು ಅವಳಿಂದಲೇ ಎರಡು ಸಲ ಹೇಳಿಸಿದರು.

ನನ್ನ ಮೊದಲ ಕೂಸಿನ ಮಾತು ಇಲ್ಲಿ ಹೇಳಬೇಕು. ಅದು ಹೆಣ್ಣುಮಗು. ಕಲ್ಯಾಣದಲ್ಲಿ ತವರಲ್ಲಿ ಹಡೆದಿದ್ದೆ. ಮಾಸನ್ನು ಅರಿಷಿಣ ಕುಂಕುಮ ಹಚ್ಚಿ ಬಚ್ಚಲ ಹಿಂದೆ ಹೂಳಿದ್ದರು. ಮಳೆಗಾಲ, ಮಣ್ಣು ಮೆತ್ತಗಿತ್ತು, ಕಲ್ಲು ಮುಚ್ಚಿದ್ದು ಸಣ್ಣದು. ಏಳನೆಯ ದಿನ ನಾಯಿ ಕೆದರಿ ಎಳೆದುಕೊಂಡು ಹೋಯಿತು. ಒಂಬತ್ತನೆಯ ದಿನ ಕೂಸಿಗೆ ಜ್ವರ ಬಂದು ಹೋಗಿಬಿಟ್ಟಿತು. ಮಾಸು ಯಾರ ಕೈಗೂ ಬಾಯಿಗೂ ಸಿಗಬಾರದು, ಅದಕ್ಕೂ ಕೂಸಿಗೂ ಜೀವದ ದಾರ ಇರುತ್ತದೆ ಎಂದು ಹಿರಿಯರು ಹೇಳುವುದನ್ನು ನಾನು ಮೊದಲು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಅಂದಿನಿಂದ ಅದು ನನ್ನ ಎಲುಬಿನೊಳಗೆ ಇಳಿಯಿತು.

ಮರುದಿನವೇ ನನಗೆ ನೋವು ಬಂತು. ಗಂಡನ ಮನೆಯಲ್ಲೇ. ಬೆಳಗಾಗುತ್ತಿದ್ದಂತೆ ಶುರುವಾದದ್ದು ಬಿಸಿಲು ನೆತ್ತಿಗೆ ಬಂದಾಗ ಮುಗಿಯಿತು. ಗಂಡುಕೂಸು. ಹುಟ್ಟಿದ್ದು ಅಳಲಿಲ್ಲ. ಹಲೀಮಾಬಿ ಅಂಗಾಲಿಗೆ ಬಡಿದಳು, ಬೆನ್ನು ತಿಕ್ಕಿದಳು, ಬಾಯಿಗೆ ಊದಿದಳು. ನಾನು ಮಲಗಿದಲ್ಲೇ ಆ ನೀಲಿ ಕಾಲುಗಳನ್ನು ನೋಡುತ್ತಿದ್ದೆ. ಅಷ್ಟರಲ್ಲಿ ನನ್ನ ಮಾಸು ಬಿತ್ತು. ಅದು ಬಿದ್ದದ್ದೂ ಕೂಸು ಅತ್ತದ್ದೂ ಒಂದೇ ಕ್ಷಣದಲ್ಲಿ ಆಯಿತು.

ಹಲೀಮಾಬಿ "ಯಾ ಅಲ್ಲಾ" ಎಂದು ನಕ್ಕು, ಹೊಕ್ಕುಳು ಕತ್ತರಿಸಿ, ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ಡಬ್ಬಿಯ ಮುಚ್ಚಳ ತೆರೆದಳು. ಮಾಸನ್ನು ಎರಡೂ ಕೈಯಲ್ಲಿ ಎತ್ತಿದಳು. ಕಿಟಕಿಯ ಬೆಳಕಿಗೆ ಆ ಪೊರೆ ಕಂಡಿತು. ಅಷ್ಟು ತೆಳ್ಳಗೆ, ಅಷ್ಟು ತಿಳಿ. ಇದರಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ಏನೂ ಇಲ್ಲ ಎನ್ನಬೇಕು, ಹಾಗಿತ್ತು.

"ತಡೀರಿ," ಎಂದೆ.

ಹಲೀಮಾಬಿ ನಿಂತಳು. ಅತ್ತೆ ನನ್ನ ಕಡೆ ನೋಡಿದರು. ಅವರು ಬೇಡ ಎನ್ನಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆಯಬೇಕು. ಜನ ಇಂಥಲ್ಲಿ ಅತ್ತೆಯ ಮೇಲೆ ಹಾಕುತ್ತಾರೆ. ಅವರು ಹೇಳಿದ್ದು ಇಷ್ಟೇ: "ನೀ ಹೆಂಗ ಅಂತಿ ಹಂಗ, ಶರಣಮ್ಮಾ. ನಿನ್ನ ಕೂಸು, ನಿನ್ನ ತಂಗಿ."

"ಹೂಳ್ರಿ," ಎಂದೆ.

"ಬೇಟಿ," ಎಂದಳು ಹಲೀಮಾಬಿ, "ಛೋಕರಿ ಅಲ್ಲಿ ಹಾದಿ ಕಾಯಾಕತ್ತಾಳ. ಕಣ್ಣು ಅದ ಇದು. ಕಣ್ಣು."

"ಆಳಕ್ಕ ಹೂಳ್ರಿ. ಮ್ಯಾಲ ದೊಡ್ಡ ಕಲ್ಲು ಹಾಕ್ರಿ."

"ಬಾಯಿಗೆ ಏನು ಹೇಳಲಿ?"

ಆಗ ನಾನು ಹೇಳಿದ್ದನ್ನು ಬರೆಯುವುದಕ್ಕಾಗಿಯೇ ಇಷ್ಟೆಲ್ಲ ಬರೆದೆ. "ಕೈ ಜಾರಿ ನೆಲಕ್ಕ ಬಿತ್ತು ಅನ್ರಿ. ಹೊಲಸಾಯ್ತು ಅನ್ರಿ," ಎಂದೆ.

ಯಾರ ಕೈ ಎಂದು ನಾನು ಹೇಳಲಿಲ್ಲ. ಅಲ್ಲಿ ಮಾಸು ಹಿಡಿದದ್ದು ಒಬ್ಬಳೇ. ಹಲೀಮಾಬಿ ನನ್ನನ್ನು ನೋಡಿದಳು, ಆಮೇಲೆ ಕೂಸನ್ನು ನೋಡಿದಳು. ಡಬ್ಬಿಯ ಮುಚ್ಚಳ ಹಾಕಿದಳು. ಅತ್ತೆ ಬಚ್ಚಲ ಮೂಲೆಯ ಹಾಸುಗಲ್ಲು ಎಬ್ಬಿಸಿದರು, ಮೊಣಕೈ ಆಳ ಅಗೆದರು. ಕಲ್ಲು ಮತ್ತೆ ಕೂತ ಸದ್ದು ಕೇಳಿದ ಮೇಲೆ ನಾನು ಕೂಸನ್ನು ಮೊಲೆಗೆ ಹಾಕಿಕೊಂಡೆ. ನಿದ್ದೆಯೂ ಬಂತು. ಸುಖದ ನಿದ್ದೆ. ಅದನ್ನೂ ಬರೆಯುತ್ತೇನೆ.

ಬಾಯಿ ಹಲೀಮಾಬಿಯನ್ನು ಎಲ್ಲರ ಮುಂದೆ ಬೈದರಂತೆ. ಅವ್ವ ಹೇಳಿದಳು. "ಅಷ್ಟು ಹೇಳಿ ಕಳಿಸಿದ್ರೂ ಚೆಲ್ಲಿಕೊಂಡು ಬಂದೀಯಲ್ಲ, ಇನ್ನ ಮ್ಯಾಲ ಈ ದವಾಖಾನಿ ಮೆಟ್ಟಲು ಹತ್ತಬ್ಯಾಡ," ಎಂದರಂತೆ. ಹಲೀಮಾಬಿ ತಲೆ ತಗ್ಗಿಸಿ, "ಬುಡ್ಡಿ ಆದೆ ಬಾಯಿ, ವಯಸ್ಸಾಯ್ತು, ಕೈ ನಡಗ್ತದ," ಎಂದಳಂತೆ. ಅವಳ ಕೈ ನಡುಗುತ್ತಿರಲಿಲ್ಲ.

ಬಾಯಿ ಮೂರು ದಿನ ಊರೆಲ್ಲ ಕೇಳಿಸಿದರು. ಯಾರೂ ಕೊಡಲಿಲ್ಲ. ನಾನೇ ಕೊಡದ ಮೇಲೆ ಯಾರು ಕೊಟ್ಟಾರು? ನನ್ನ ಹೆರಿಗೆಯಾದ ಆರನೆಯ ದಿನ ಕಾಶಿಯ ಬಲಗಣ್ಣಿನ ರೆಪ್ಪೆ ಗುಡ್ಡೆಗೆ ಹಿಡಿದುಕೊಳ್ಳಲು ಶುರುವಾಯಿತು. ಬಾಯಿ ಗಾಜಿನ ಕಡ್ಡಿಯಿಂದ ಬಿಡಿಸುತ್ತಿದ್ದರು, ಮತ್ತೆ ಹಿಡಿದುಕೊಳ್ಳುತ್ತಿತ್ತು. ದಿನಕ್ಕೆ ಎರಡು ಸಲ. ಬಾಣಂತಿಯ ಕೋಣೆಯಲ್ಲಿ ಮಲಗಿದ್ದ ನನಗೆ ಅವಳ ಕೂಗು ಕೇಳಿಸುವಷ್ಟು ಹತ್ತಿರ ದವಾಖಾನೆ ಇರಲಿಲ್ಲ. ಆದರೆ ಹೊತ್ತು ಗೊತ್ತಿತ್ತು. ಆ ಹೊತ್ತಿಗೆ ನಾನು ಕೂಸಿನ ಕಿವಿ ಮುಚ್ಚುತ್ತಿದ್ದೆ.

ತಿಂಗಳಾಗುವಷ್ಟರಲ್ಲಿ ಬಿಡಿಸುವುದನ್ನೂ ನಿಲ್ಲಿಸಿದರು. ರೆಪ್ಪೆ ಅರ್ಧ ಮುಚ್ಚಿ ಹಾಗೇ ಕೂಡಿಹೋಯಿತು. ಕೆಳಗೆ ಕಾಣುವ ಒಂದಿಷ್ಟು ಜಾಗದಲ್ಲಿ ಹಾಲಿನ ಕೆನೆಯಂಥ ಬಿಳಿ.

ಮೋರಖಂಡಿಯವರು ಬಂದರು. ಚಹಾ ಕುಡಿದರು. ಹುಡುಗನ ತಾಯಿ ಕಾಶಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು, ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ. "ಛೊಲೋ ಹುಡುಗಿ ಇತ್ತು," ಎಂದಳು. ಇತ್ತು ಎಂದಳು. ಆಮೇಲೆ ಅವರಿಂದ ಸುದ್ದಿ ಬರಲಿಲ್ಲ.

ಕಾಶಿ ನನ್ನ ಹತ್ತಿರವೇ ಉಳಿದಳು. ಎಡಗಣ್ಣನ್ನು ಬಾಯಿ ಆಗಾಗ ನೋಡಬೇಕಿತ್ತು, ನನಗೂ ಕೂಸಿಗೆ ಕೈ ಬೇಕಿತ್ತು. ಅವನನ್ನು ಎತ್ತಿದ್ದು, ಎರೆದದ್ದು, ಅಂಬೆಗಾಲು ಕಲಿಸಿದ್ದು ಎಲ್ಲ ಅವಳೇ. ಯಾರಾದರೂ ಕೂಸು ಗಟ್ಟಿಮುಟ್ಟಾಗಿದೆ ಎಂದರೆ ನಾನು ಬಚ್ಚಲ ಕಲ್ಲಿನ ಕಡೆ ನೋಡುತ್ತಿದ್ದೆ. ಅವನು ಕೆಮ್ಮಿದರೂ ಅಷ್ಟೇ. ಅವನು ಬದುಕಿದ್ದಕ್ಕೆ ಆ ಕಲ್ಲೇ ಕಾರಣವೋ, ಕಲ್ಲಿಲ್ಲದಿದ್ದರೂ ಬದುಕುತ್ತಿದ್ದನೋ ಎಂದು ಇನ್ನು ನನಗೆ ಹೇಳುವವರು ಯಾರು? ಬಾಯಿಯನ್ನು ಒಂದು ಸಲ ಕೇಳಿದೆ, ಬೇರೆಯವರ ಮಾತು ಎಂಬಂತೆ. "ಹುಚ್ಚಿ, ಆ ಕೂಲಿಯಾಕಿ ಕೂಸು ನೋಡು, ಹೋದ ವಾರ ಸೂಜಿ ಹಾಕಿಸ್ಕೊಂಡು ಹೋತು. ಗುಂಡುಕಲ್ಲಿನಂಗ ಅದ," ಎಂದರು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ.

ವರ್ಷ ದಾಟಿತು. ಕೂಸಿಗೆ ಹೊಟ್ಟೆ ಹಿಡಿದಾಗ ಅತ್ತೆ ಹಲೀಮಾಬಿಯನ್ನು ಕರೆಸಿದರು, ಎಣ್ಣೆ ಹಚ್ಚಿ ನೀವಲಿಕ್ಕೆ. ಹೆರಿಗೆ ಆದಾಗಿನಿಂದ ಅವಳು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಬಹಳ ಇಳಿದುಹೋಗಿದ್ದಳು. ದವಾಖಾನೆಯಲ್ಲಿ ಕೆಲಸ ತಪ್ಪಿದ ಸುದ್ದಿ ಕೇಳಿ ಮನೆಮನೆಯವರೂ ಕರೆಯುವುದನ್ನು ಕಡಿಮೆ ಮಾಡಿದ್ದರು. ಅವಳು ಕೂಸಿಗೆ ಕೈ ಚಾಚಿದಾಗ ಕಾಶಿ ಅವನನ್ನು ಎತ್ತಿಕೊಂಡು ಹಿಂದೆ ಸರಿದಳು.

"ನೀ ಮುಟ್ಟಬ್ಯಾಡ. ನನ್ನ ಕಣ್ಣ ನೆಲಕ್ಕ ಚೆಲ್ಲಿದಾಕಿ ನೀನು. ನಿನ್ನ ಕೈ ಇವನಿಗಿ ಹತ್ತೂದು ಬ್ಯಾಡ."

ಕಾಶಿ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ವರ್ಷವೆಲ್ಲ ಒಳಗೇ ಇಟ್ಟುಕೊಂಡಿದ್ದಳು. ಹಲೀಮಾಬಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಕಾಶಿಗೆ, "ಖರೇ ಅದ ಬೇಟಿ," ಎಂದು ಹೇಳಿ ಬಾಗಿಲ ಕಡೆ ತಿರುಗಿದಳು.

"ಆಕಿ ಚೆಲ್ಲಿಲ್ಲ," ಎಂದೆ.

ಹೇಳಿಬಿಟ್ಟೆ. ಎಲ್ಲವನ್ನೂ. ನಾಯಿ ಕೆದರಿದ್ದು, ನೀಲಿ ಕಾಲು, ತಡೀರಿ ಎಂದದ್ದು, ಏನು ಹೇಳಬೇಕೆಂದು ಕಲಿಸಿದ್ದು. ಕಾಶಿ ಕೂಸನ್ನು ಎತ್ತಿಕೊಂಡೇ ನಿಂತು ಕೇಳಿದಳು. ಕೂಸು ಅವಳ ಕಿವಿಯೋಲೆ ಎಳೆಯುತ್ತಿತ್ತು.

"ಎಲ್ಲಿ ಹೂಳಿದಿ?" ಎಂದು ಕೇಳಿದಳು. ಅದೊಂದೇ ಪ್ರಶ್ನೆ.

ನಾನು ಬಚ್ಚಲ ಕಡೆ ಕೈ ತೋರಿಸಿದೆ. ಅವಳು ಹೋಗಿ ಆ ಹಾಸುಗಲ್ಲಿನ ಮುಂದೆ ನಿಂತಳು. ಒಂದು ವರ್ಷದಿಂದ ದಿನಾ ಅದೇ ಕಲ್ಲಿನ ಮೇಲೆ ಕೂತು ಮೈ ತೊಳೆದುಕೊಂಡಿದ್ದಳು. ಅದರ ಮೇಲೆಯೇ ಕೂಸಿಗೆ ಎರೆದಿದ್ದಳು.

ತಿರುಗಿ ಬಂದವಳು ಕೂಸನ್ನು ಹಲೀಮಾಬಿಯ ಮಡಿಲಿಗೆ ಹಾಕಿದಳು. "ತಪ್ಪಾಯ್ತು ಅಮ್ಮಾ," ಎಂದು ಅವಳ ಕಾಲು ಮುಟ್ಟಿದಳು. ನನಗೆ ಏನೂ ಹೇಳಲಿಲ್ಲ. ಮರುದಿನ ನಾನೇ ದವಾಖಾನೆಗೆ ಹೋಗಿ ಬಾಯಿಯ ಮುಂದೆ ಹೇಳಿದೆ. ಅವರು, "ಹಲೀಮಾಬಿಗೆ ಬರಾಕ ಹೇಳು," ಎಂದರು. ಅವಳು ಈಗ ಮತ್ತೆ ಅಲ್ಲಿ ಕೆಲಸಕ್ಕಿದ್ದಾಳೆ. ಅದೊಂದು ನೆಟ್ಟಗಾಯಿತು.

ಕಾಶಿ ಮನೆ ಬಿಟ್ಟು ಹೋಗಲಿಲ್ಲ. ನಾನು ಕಾದಿದ್ದೆ, ಬೈಯುತ್ತಾಳೆ, ಕಲ್ಯಾಣಕ್ಕೆ ಹೋಗುತ್ತಾಳೆ, ಅವ್ವನಿಗೆ ಹೇಳುತ್ತಾಳೆ ಎಂದು. ಏನೂ ಮಾಡಲಿಲ್ಲ. ಕೂಸಿನ ಮೇಲಿನ ಜೀವ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ನನ್ನ ಜೊತೆ ಮಾತಾಡುತ್ತಾಳೆ, ನಗುತ್ತಾಳೆ ಕೂಡ.

ಆದರೆ ಒಂದು ಮಾತು. ಬಲಗಡೆ ಏನೂ ಕಾಣದಿರುವುದರಿಂದ ಅವಳು ತನಗೆ ಬೇಕಾದವರನ್ನು ಎಡಗಡೆ ಕೂರಿಸಿಕೊಳ್ಳುತ್ತಾಳೆ. ಊಟಕ್ಕಾಗಲಿ, ಕೆಲಸಕ್ಕಾಗಲಿ, ನಾನು ಯಾವಾಗಲೂ ಅವಳ ಎಡಕ್ಕೆ ಇರುತ್ತಿದ್ದೆ. ಆ ದಿನದ ಮೇಲೆ ಅವಳು ಬಂದು ಕೂರುವಾಗ ನನ್ನನ್ನು ಬಲಕ್ಕೆ ಬಿಟ್ಟುಕೊಂಡು ಕೂರುತ್ತಾಳೆ. ಬೇಕೆಂದು ಮಾಡುತ್ತಾಳೋ, ಮೈಯೇ ಹಾಗೆ ತಿರುಗುತ್ತದೋ, ನಾನು ಕೇಳಿಲ್ಲ.

ನಿನ್ನೆ ಹಸಿ ತೊಗರಿಕಾಯಿ ಸುಲಿಯುತ್ತ ಕೂತಿದ್ದೆವು. ಅವಳು ಕೂಸಿನ ತುಂಟತನ ಹೇಳುತ್ತ ಎದುರಿನ ಗೋಡೆಗೆ ನಗುತ್ತಿದ್ದಳು. ನಾನು ಸುಲಿದ ಕಾಳನ್ನು ಅಂಗೈಯಲ್ಲಿ ಅವಳ ಕಡೆ ಚಾಚಿದೆ. ಎದ್ದು ಎಡಕ್ಕೆ ಹೋಗಿ ಕೂರಬಹುದಿತ್ತು. ಹೋಗಲಿಲ್ಲ. ಕೈ ಹಾಗೇ ಚಾಚಿಕೊಂಡು, ಅವಳು ತಿರುಗುವವರೆಗೆ ಕೂತೆ.